ಪ್ರವಾದಿ ನಿಂದನೆಯ ಆರೋಪ, ಜುಮಾದ ಹಿಂದಿನ ರಾತ್ರಿ: ಒಂದು ಪ್ರಕರಣ ಅಧ್ಯಯನ

ಊರು, ದೇಶ, ಜನರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆರೋಪ ಹೊತ್ತ ಹುಡುಗ ಏನು ಹೇಳಿದ ಅನ್ನುವುದನ್ನೂ ಬರೆಯುವುದಿಲ್ಲ, ಬರೆದರೆ ಅದು ಇನ್ನೊಂದು ಸುತ್ತು ಹರಡುತ್ತದೆ ಅಷ್ಟೇ. ಈ ವಿಷಯ ನಿಭಾಯಿಸಿದ ಮಸೀದಿ ಸಮಿತಿಯ ಸದಸ್ಯ ನಾನಲ್ಲ. ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನದು, ಹಾಗಾಗಿ ಶುರುವಿನಿಂದ ಕೊನೆಯವರೆಗೂ ಅಲ್ಲೇ ಕೂತಿದ್ದೆ. ಇಂಥದ್ದೇ ಪರಿಸ್ಥಿತಿ ನಾಳೆ ಬೇರೆ ಯಾವುದೋ ಮಸೀದಿಯ ಬಾಗಿಲಿಗೆ ಬರುತ್ತದೆ. ಆಗ ಅಲ್ಲಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಒಂದು ಊರು. ಒಂದು ದೊಡ್ಡ ಮಸೀದಿ, ಸುತ್ತ ಕೆಲವು ಚಿಕ್ಕವು. ದೊಡ್ಡ ಮಸೀದಿಯ ಸಮಿತಿಯ ಮಾತಿಗೆ ಬೆಲೆ ಇದೆ, ಮೊದಲಿನಷ್ಟು ಇಲ್ಲ. ಹುಡುಗರು ಈಗ ದೀನ್, ಅಂದರೆ ಧರ್ಮ, ಕಲಿಯುವುದು ಇಮಾಮರ ಹತ್ತಿರಕ್ಕಿಂತ ಜಾಸ್ತಿ ಮೊಬೈಲಿನಲ್ಲಿ. ಎಲ್ಲೋ ದೂರದ ಭಾಷಣಕಾರನೊಬ್ಬ ಅವರಿಗೆ ಪಕ್ಕದ ಮನೆಯ ಹಿರಿಯರಿಗಿಂತ ಹತ್ತಿರದವನು.

ಆ ಊರಿಗೆ ಒಂದು ಹಳೆಯ ಗಾಯವೂ ಇತ್ತು. ಕೆಲವು ವರ್ಷಗಳ ಹಿಂದೆ ಬೇರೆಲ್ಲೋ ಪ್ರಕಟವಾದ ಒಂದು ಚಿತ್ರದ ವಿರುದ್ಧ ಇಲ್ಲಿ ಮೆರವಣಿಗೆ ಹೊರಟಿತ್ತು. ಕೊನೆಗೆ ಕಲ್ಲು ಬಿತ್ತು, ಲಾಠಿ ಬಿತ್ತು, ಹುಡುಗರ ಮೇಲೆ ಕೇಸು ಬಿತ್ತು. ಚಿತ್ರ ಬರೆದವನಿಗೆ ಇಂಥದ್ದೊಂದು ಊರು ಇದೆ ಅಂತಲೂ ಗೊತ್ತಾಗಿರಲಿಕ್ಕಿಲ್ಲ. ಇಲ್ಲಿ ಮಾತ್ರ ಒಬ್ಬನ ಓದು ನಿಂತಿತು, ಇನ್ನೊಬ್ಬನ ಕೆಲಸ ಹೋಯಿತು, ಅವನ ತಾಯಿ ಕೋರ್ಟು ಅಲೆದು ಹಣ್ಣಾದರು. ಮೆರವಣಿಗೆಗೆ ಕರೆದವರು ಒಂದು ದಿನವೂ ಕೋರ್ಟಿಗೆ ಬರಲಿಲ್ಲ. ಇದು ಎಲ್ಲರಿಗೂ ನೆನಪಿತ್ತು. ಮುಂದೆ ಆದದ್ದರಲ್ಲಿ ಈ ನೆನಪಿನ ಪಾಲು ದೊಡ್ಡದು.

ಮುಸ್ಲಿಮರಲ್ಲದ ಓದುಗರಿಗೆ ಒಂದು ಮಾತು. ಪ್ರವಾದಿ(ಸ)ಯವರ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಾವು ಅವರ ಮೇಲೆ ಶಾಂತಿ ಕೋರುತ್ತೇವೆ, (ಸ) ಅಂತ ಬರೆಯುವುದು ಅದಕ್ಕೇ. ಹೆತ್ತವರಿಗಿಂತ, ಮಕ್ಕಳಿಗಿಂತ ಅವರನ್ನು ಹೆಚ್ಚು ಪ್ರೀತಿಸದೆ ನಂಬಿಕೆ ಪೂರ್ಣವಾಗುವುದಿಲ್ಲ ಅಂತ ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ ನುಡಿಗಳಲ್ಲಿ, ಇದೆ. ಅವರನ್ನು ಹೀಯಾಳಿಸಿದರೆ ಆಗುವ ನೋವು ನಾಟಕ ಅಂದುಕೊಂಡವರಿಗೆ ಈ ಪ್ರಕರಣ ಅರ್ಥವಾಗುವುದಿಲ್ಲ. ಆ ರಾತ್ರಿ ಮಸೀದಿ ಮುಂದೆ ನಿಂತವರಲ್ಲಿ ಜಗಳಕ್ಕೆ ಬಂದವರು ಕೆಲವರೇ. ಉಳಿದವರಿಗೆ ಹೊಟ್ಟೆಯೊಳಗೆ ನಿಜವಾಗಿಯೂ ಉರಿ ಬಿದ್ದಿತ್ತು.

ಆದದ್ದೇನು

ಗುರುವಾರ ಸಂಜೆ ಒಂದು ಆಡಿಯೋ ಹರಡಲು ಶುರುವಾಯಿತು. ಒಂದು ನಿಮಿಷವೂ ಇಲ್ಲ. ದನಿ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನದು, ಇದೇ ಜಮಾತಿನ, ಅಂದರೆ ಈ ಮಸೀದಿಗೆ ಸೇರಿದ ಸಮುದಾಯದ, ಮನೆಯವನು. ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಧರ್ಮದ ವಿಷಯಕ್ಕೆ ಜಗಳವಾಗಿದೆ, ಅದರಲ್ಲಿ ಅವನು ಪ್ರವಾದಿ(ಸ)ಯವರ ಬಗ್ಗೆ ಕೀಳಾಗಿ ಮಾತಾಡಿದ್ದಾನೆ. ಆಡಿಯೋ ಜೊತೆಗೆ ಯಾರೋ ಒಂದು ಬರಹ ಸೇರಿಸಿದ್ದರು. ಅವನ ತಂದೆಯ ಹೆಸರು, ಬೀದಿ, ಮನೆಯ ಬಣ್ಣ, ಕೊನೆಗೆ 'ಇನ್ನೂ ಮಲಗಿದ್ದೀರಾ?' ಅಂತ ಒಂದು ಸಾಲು. ಆಡಿಯೋಗಿಂತ ಈ ಬರಹ ಹೆಚ್ಚು ಅಪಾಯದ್ದು. ಆಡಿಯೋ ಕೇಳಿದರೆ ಸಿಟ್ಟು ಬರುತ್ತದೆ, ಬರಹ ಓದಿದರೆ ಆ ಸಿಟ್ಟಿಗೆ ವಿಳಾಸ ಸಿಗುತ್ತದೆ.

ರಾತ್ರಿಯ ಇಶಾ ನಮಾಜ್ ಮುಗಿಯುವ ಹೊತ್ತಿಗೆ ಮಸೀದಿ ಮುಂದೆ ಜನ ಸೇರಿದ್ದರು. ಮರುದಿನ ಜುಮಾ, ಶುಕ್ರವಾರದ ಸಾಮೂಹಿಕ ನಮಾಜ್. ಅಂದರೆ ವಾರದಲ್ಲೇ ದೊಡ್ಡ ಜನಸಂದಣಿ ಇನ್ನು ಕೆಲವೇ ಗಂಟೆಗಳ ದೂರದಲ್ಲಿತ್ತು.

ಜನ ಮೂರು ಥರ ಮಾತಾಡುತ್ತಿದ್ದರು. ಕೆಲವರು 'ಅವನ ಮನೆಗೆ ಹೋಗೋಣ, ಹೊಡೆಯುವುದಿಲ್ಲ, ಸುಮ್ನೆ ಕೇಳಿ ಬರೋಣ' ಅನ್ನುತ್ತಿದ್ದರು. ಕೆಲವರು ಈಗಲೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬೇಕು ಅಂದರು. ಹಿರಿಯರಲ್ಲಿ ಕೆಲವರು ಏನೂ ಮಾಡುವುದು ಬೇಡ, ಬೆಳಗಾದರೆ ತಣ್ಣಗಾಗುತ್ತದೆ ಅಂದರು. ಮೂರೂ ತಪ್ಪು ದಾರಿಗಳು ಅಂತ ಈಗ ಹೇಳುವುದು ಸುಲಭ. ಆಗ ಮೂರಕ್ಕೂ ಒಳ್ಳೆಯ ಕಾರಣಗಳಿದ್ದ ಹಾಗೆ ಕಾಣುತ್ತಿತ್ತು.

ಮೊದಲ ನಿರ್ಧಾರ: ಮನೆ

ಸಮಿತಿಯ ಕಾರ್ಯದರ್ಶಿ ಸಭೆ ಶುರು ಮಾಡುವ ಮೊದಲೇ ಒಂದು ಕೆಲಸ ಮಾಡಿದ್ದರು. ಹುಡುಗನ ಚಿಕ್ಕಮ್ಮನಿಗೆ ಫೋನ್ ಮಾಡಿ, ತಾಯಿಯನ್ನೂ ತಂಗಿಯರನ್ನೂ ಕರೆದುಕೊಂಡು ಹೋಗಿ ಅಂದಿದ್ದರು. ಹುಡುಗನನ್ನು ಅವನ ತಂದೆ ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು. ಯಾವ ಊರು ಅಂತ ಸಮಿತಿಯಲ್ಲಿ ಯಾರೂ ಕೇಳಕೂಡದು ಅಂತ ಕಾರ್ಯದರ್ಶಿಯೇ ಹೇಳಿದರು. ಗೊತ್ತಿಲ್ಲದ್ದನ್ನು ಯಾರೂ ಬಾಯಿ ಬಿಡಿಸುವ ಹಾಗಿಲ್ಲ.

ಇದಕ್ಕೆ ಆಕ್ಷೇಪ ಬಂತು. 'ತಪ್ಪು ಮಾಡಿದವನನ್ನು ನೀವೇ ಓಡಿಸಿದಿರಾ?' ಅಂತ ಒಬ್ಬರು ಎದ್ದು ನಿಂತರು. ಕಾರ್ಯದರ್ಶಿ ಕೊಟ್ಟ ಉತ್ತರ ನಡಾವಳಿಯಲ್ಲಿದೆ: ಅವನು ಸಿಗಬೇಕಾದಾಗ ಸಿಗುತ್ತಾನೆ, ಅವನ ತಂದೆ ಇಲ್ಲೇ ಇದ್ದಾರೆ, ಆದರೆ ಇವತ್ತು ರಾತ್ರಿ ಅವನ ಮೈಗೆ ಒಂದು ಏಟು ಬಿದ್ದರೆ ನಾಳೆ ಮಾತಾಡುವುದಕ್ಕೆ ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ.

'ಸುಮ್ನೆ ಕೇಳಿ ಬರೋಣ' ಅನ್ನುವ ಮಾತಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. 2017ರ ಏಪ್ರಿಲ್ 13ರಂದು ಪಾಕಿಸ್ತಾನದ ಮರ್ದಾನ್‌ನಲ್ಲಿ ಮಶಾಲ್ ಖಾನ್ ಅನ್ನುವ ವಿದ್ಯಾರ್ಥಿಯನ್ನು ಅವನದೇ ವಿಶ್ವವಿದ್ಯಾಲಯದ ಹುಡುಗರು ಹೊಡೆದು ಕೊಂದರು. ಧರ್ಮನಿಂದನೆ ಮಾಡಿದ ಅನ್ನುವ ಗಾಳಿಸುದ್ದಿ. ತನಿಖೆಯಲ್ಲಿ ಅದಕ್ಕೆ ಯಾವ ಸಾಕ್ಷಿಯೂ ಸಿಗಲಿಲ್ಲ. 2015ರ ಮಾರ್ಚ್‌ನಲ್ಲಿ ಕಾಬೂಲಿನಲ್ಲಿ ಕುರ್‌ಆನ್ ಸುಟ್ಟಳು ಅನ್ನುವ ಸುಳ್ಳಿಗೆ ಬಲಿಯಾದ ಫರ್ಖುಂದಾ ಸ್ವತಃ ಧರ್ಮಶಾಸ್ತ್ರ ಓದುತ್ತಿದ್ದವಳು. ಸತ್ತ ಇಬ್ಬರೂ ಮುಸ್ಲಿಮರೇ. ಆ ಗುಂಪುಗಳಲ್ಲಿ ಎಲ್ಲರೂ ಕೊಲ್ಲಲೆಂದೇ ಹೊರಟಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ನೂರು ಜನ 'ಕೇಳಲು' ಹೋದಾಗ ಅವರೊಳಗೆ ಒಬ್ಬ ಹೊಡೆಯಲು ಬಂದವನಿದ್ದರೆ ಸಾಕು. ಉಳಿದವರು ಅವನಿಗೆ ಗೋಡೆಯಾಗಿಬಿಡುತ್ತಾರೆ.

ಎರಡನೇ ನಿರ್ಧಾರ: ಯಾರು ಕೇಳಬೇಕು

ಸಭೆ ಕೂತ ಕೂಡಲೇ ಯಾರೋ ಮೊಬೈಲ್ ತೆಗೆದು ಆಡಿಯೋ ಹಾಕಲು ಹೋದರು. ಇಮಾಮರು ಕೈ ಎತ್ತಿ ತಡೆದರು. 'ಪ್ರವಾದಿಯವರನ್ನು ಬೈದದ್ದನ್ನು ಮಸೀದಿಯಲ್ಲಿ ಜೋರಾಗಿ ಕೇಳಿಸುತ್ತೀರಾ?' ಅಂದರು. ಕೋಣೆ ತಣ್ಣಗಾಯಿತು.

ಕೊನೆಗೆ ಮೂವರು ಕೇಳುವುದು ಅಂತಾಯಿತು. ಇಮಾಮರು, ಕಾರ್ಯದರ್ಶಿ, ಮತ್ತು ನಿವೃತ್ತ ಶಿಕ್ಷಕರೊಬ್ಬರು, ಎಲ್ಲರೂ ಮೇಷ್ಟ್ರು ಅಂತ ಕರೆಯುವವರು. ಮೇಷ್ಟ್ರು ಹಿಡಿದ ಹಟ ಒಂದೇ: ತುಂಡು ಬೇಡ, ಪೂರ್ತಿ ಬೇಕು. ಆ ಸಹಪಾಠಿ ಗುಂಪಿನಲ್ಲಿದ್ದ ಇನ್ನೊಬ್ಬ ಹುಡುಗನನ್ನು ಹುಡುಕಿ ಕರೆಸಿದರು. ಅವನು ನಡುಗುತ್ತಿದ್ದ. ಅವನ ಮೊಬೈಲಿನಲ್ಲಿ ಇಡೀ ಮಾತುಕತೆ ಇತ್ತು, ಮೊದಲಿನಿಂದ.

ಮೇಷ್ಟ್ರು ನೆನಪಿಸಿದ್ದು ಕುರ್‌ಆನಿನ 49ನೇ ಅಧ್ಯಾಯದ 6ನೇ ವಚನ. ನೀತಿಗೆಟ್ಟವನೊಬ್ಬ ಸುದ್ದಿ ತಂದರೆ ಪರಿಶೀಲಿಸಿ, ಇಲ್ಲದಿದ್ದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ ಅನ್ನುವುದು ಅದರ ಸಾರ. ಜೊತೆಗೆ ಜಕಾರ್ತಾದ ಕಥೆಯನ್ನೂ ಹೇಳಿದರು. ಅಲ್ಲಿನ ರಾಜ್ಯಪಾಲ ಅಹೋಕ್ 2016ರಲ್ಲಿ ಮಾಡಿದ ಭಾಷಣವೊಂದು ಪೂರ್ತಿಯಾಗಿ ಅಲ್ಲದೆ ತುಂಡಾಗಿ ಹರಡಿತು. ಲಕ್ಷಾಂತರ ಜನ ಬೀದಿಗಿಳಿದರು. 2017ರಲ್ಲಿ ಅಹೋಕ್‌ಗೆ ಎರಡು ವರ್ಷ ಜೈಲಾಯಿತು. ಅದೇ ವರ್ಷ ಆ ತುಂಡನ್ನು ಹರಡಿದವನಿಗೂ ಒಂದೂವರೆ ವರ್ಷ ಶಿಕ್ಷೆಯಾಯಿತು.

ಮೂವರೂ ಒಳಕೋಣೆಗೆ ಹೋದರು. ಇಯರ್‌ಫೋನ್ ಒಂದೇ ಇತ್ತು. ಒಬ್ಬರು ಕೇಳಿ ಮುಗಿಸಿ, ಒರೆಸಿ, ಇನ್ನೊಬ್ಬರಿಗೆ ಕೊಡಬೇಕು. ಹೊರಗೆ ನಾವು ಕಾಯುತ್ತಿದ್ದೆವು. ಮೊದಲು ಹೊರಗೆ ಬಂದವರು ಇಮಾಮರು. ಕಣ್ಣು ಕೆಂಪಾಗಿತ್ತು. ಮಾತಾಡದೆ ಹೋಗಿ ವುಜೂ ಮಾಡಿ (ನಮಾಜ್‌ಗೆ ಮೊದಲು ಮಾಡುವಂತೆ ಕೈಕಾಲು, ಮುಖ ತೊಳೆದು) ಬಂದು ಕೂತರು.

ತಿರುವು

ಪೂರ್ತಿ ಆಡಿಯೋದಲ್ಲಿ ಇದ್ದದ್ದು ಇಷ್ಟು. ಜಗಳ ಶುರು ಮಾಡಿದ್ದು ಬೇರೊಬ್ಬ. ಅವನು ಈ ಹುಡುಗನನ್ನು ಕೆಣಕಿ ಕೆಣಕಿ ಮಾತಾಡಿಸಿದ್ದಾನೆ. ಹರಡಿದ ತುಂಡು ಒಂದು ವಾಕ್ಯದ ನಡುವಿನಿಂದ ಶುರುವಾಗುತ್ತದೆ. ಅದರ ಮೊದಲರ್ಧದಲ್ಲಿ ಹುಡುಗ ಯಾರೋ ಹೇಳುವುದನ್ನು ಉದ್ಧರಿಸುತ್ತಿದ್ದ. ಹಾಗಾಗಿ ತುಂಡಿನಲ್ಲಿ ಕೇಳುವ ಅತಿ ಕೆಟ್ಟ ಮಾತು ಅವನದಲ್ಲ. ಆದರೆ ಅದರ ನಂತರ ಅವನು ತನ್ನದೇ ಮಾತಿನಲ್ಲಿ ನಕ್ಕಿದ್ದಾನೆ, ಹೀಯಾಳಿಸಿದ್ದಾನೆ. ಅದು ತುಂಡಿನಲ್ಲಿ ಕೇಳಿದಷ್ಟು ಘೋರ ಅಲ್ಲ, ನಿರಪರಾಧಿ ಅನ್ನುವ ಹಾಗೂ ಇಲ್ಲ.

ಈ ಪ್ರಕರಣದಿಂದ ಕಲಿಯಲು ಇರುವುದೆಲ್ಲ ನನ್ನ ಪ್ರಕಾರ ಇಲ್ಲೇ ಇದೆ. ಇಂಥ ಘಟನೆಗಳ ಬಗ್ಗೆ ನಾವು ಹೇಳಿಕೊಳ್ಳುವ ಕಥೆಗಳಲ್ಲಿ ಆರೋಪ ಯಾವಾಗಲೂ ಪೂರ್ತಿ ಸುಳ್ಳಾಗಿರುತ್ತದೆ. 2012ರಲ್ಲಿ ಇಸ್ಲಾಮಾಬಾದ್‌ನಲ್ಲಿ ಕುರ್‌ಆನ್ ಪುಟ ಸುಟ್ಟಳು ಅಂತ ಒಬ್ಬ ಕ್ರೈಸ್ತ ಹುಡುಗಿಯನ್ನು ಬಂಧಿಸಿದಾಗ, ಸಾಕ್ಷಿಯ ಪುಟಗಳನ್ನು ಸ್ಥಳೀಯ ಇಮಾಮನೇ ಸೇರಿಸಿದ ಅನ್ನುವ ಆರೋಪ ಬಂತು, ಹುಡುಗಿಯ ಮೇಲಿನ ಕೇಸನ್ನು ನ್ಯಾಯಾಲಯ ಅದೇ ವರ್ಷ ವಜಾ ಮಾಡಿತು. ಅಂಥ ಕಡೆ ಏನು ಮಾಡಬೇಕು ಅನ್ನುವುದು ಸ್ಪಷ್ಟ. ಆರೋಪ ಅರ್ಧ ನಿಜವಾಗಿದ್ದರೆ? ಆಗ ನಮ್ಮ ಸಹನೆಗೆ ನಿಜವಾದ ಪರೀಕ್ಷೆ.

ಸಮಿತಿಯ ಅತಿ ಹಿರಿಯರೊಬ್ಬರು ಒಂದು ಸಲಹೆ ಕೊಟ್ಟರು. ಎಲ್ಲರೂ ಚಾಚಾ ಅನ್ನುತ್ತಾರೆ ಅವರನ್ನು, ಒಳ್ಳೆಯ ಮನುಷ್ಯ. 'ಆಡಿಯೋ ನಕಲಿ, ಯಾರೋ ಜೋಡಿಸಿದ್ದು ಅಂತ ಘೋಷಿಸಿಬಿಡೋಣ. ಜನ ಮನೆಗೆ ಹೋಗುತ್ತಾರೆ. ಒಂದು ಜೀವ ಉಳಿಯುತ್ತದೆ' ಅಂದರು. ಹಲವರು ತಲೆಯಾಡಿಸಿದರು. ನನಗೂ ಆ ಕ್ಷಣಕ್ಕೆ ಅದು ಸರಿ ಅನ್ನಿಸಿತು, ಯಾಕೆಂದರೆ ಹೊರಗೆ ಗದ್ದಲ ಏರುತ್ತಿತ್ತು.

ಇಮಾಮರು ಒಪ್ಪಲಿಲ್ಲ. 'ಪೂರ್ತಿ ಆಡಿಯೋ ಒಬ್ಬ ಹುಡುಗನ ಹತ್ತಿರ ಇದ್ದರೆ ಹತ್ತು ಜನರ ಹತ್ತಿರ ಇರುತ್ತದೆ ಚಾಚಾ. ಬೆಳಗ್ಗೆ ಅದು ಹೊರಬಂದರೆ ನಾವು ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಜುಮಾದಲ್ಲಿ ನಾನು ಮಿಂಬರ್ (ಪ್ರವಚನದ ಪೀಠ) ಮೇಲೆ ನಿಂತಾಗ ಒಬ್ಬನೂ ನನ್ನ ಮಾತು ಕೇಳುವುದಿಲ್ಲ. ಆಮೇಲೆ ಅವರು ಯಾರ ಮಾತು ಕೇಳುತ್ತಾರೆ?' ಅಂತ ಕೇಳಿದರು.

ಹೊರಗೆ ಹೋಗಿ ಅವರು ಹೇಳಿದ್ದು ಮೂರೇ ವಿಷಯ. ನಿಮ್ಮ ಕೈಗೆ ಬಂದದ್ದು ಕತ್ತರಿಸಿದ ತುಂಡು, ನಾವು ಪೂರ್ತಿ ಕೇಳಿದ್ದೇವೆ. ಹುಡುಗ ಹೇಳಿದ್ದರಲ್ಲಿ ನೋವಾಗುವಂಥದ್ದು ಇದೆ, ನನಗೂ ನೋವಾಗಿದೆ. ಅವನ ಜೊತೆ ಏನು ಮಾಡಬೇಕು ಅನ್ನುವುದನ್ನು ಭಾನುವಾರ ಕೂತು ನೋಡುತ್ತೇವೆ, ಅಲ್ಲಿಯವರೆಗೆ ಯಾರೂ ಆ ಮನೆಯ ಬೀದಿಗೆ ಕಾಲಿಡಬಾರದು.

ನೋವು ನಿಜ ಅಂತ ಒಪ್ಪಿಕೊಳ್ಳುವುದೂ ಆರೋಪ ನಿಜ ಅಂತ ಒಪ್ಪಿಕೊಳ್ಳುವುದೂ ಒಂದೇ ಅಂತ ಜನ ತಿಳಿಯುತ್ತಾರೆ. ಇಮಾಮರು ಅವೆರಡನ್ನು ಬೇರೆ ಬೇರೆ ಇಟ್ಟರು. ನೋವಿಗೆ ಅಲ್ಲೇ, ಆಗಲೇ ಉತ್ತರ ಕೊಟ್ಟರು. ಆರೋಪವನ್ನು ಮೂರು ದಿನ ಮುಂದಕ್ಕೆ ಹಾಕಿದರು. ಜನ ಗೊಣಗಿದರು, ಆದರೆ ಚದುರಿದರು.

ಪೊಲೀಸ್ ದೂರಿನ ಪ್ರಶ್ನೆ

ಜನ ಹೋದ ಮೇಲೂ ಸಭೆ ನಡೆಯಿತು. ದೂರು ಕೊಡಬೇಕು ಅನ್ನುವವರ ಸಂಖ್ಯೆ ಕಡಿಮೆ ಇರಲಿಲ್ಲ. ಕಾನೂನಿದೆ, ಬಳಸೋಣ, ಅದೇ ಶಾಂತಿಯ ದಾರಿ ಅಲ್ವಾ ಅನ್ನುವುದು ಅವರ ವಾದ. ಕಾರ್ಯದರ್ಶಿ ತಮಗೆ ಪರಿಚಯದ ಒಬ್ಬ ವಕೀಲೆಗೆ ಫೋನ್ ಮಾಡಿದರು. ಅವರೂ ಇದೇ ಜಮಾತಿನವರು. ಫೋನನ್ನು ಸ್ಪೀಕರ್‌ನಲ್ಲಿ ನನ್ನ ನಡಾವಳಿ ಪುಸ್ತಕದ ಮೇಲಿಟ್ಟರು. ಆ ಕೋಣೆಯಲ್ಲಿ ಸಮಿತಿಯ ವಿಷಯಕ್ಕೆ ಒಬ್ಬ ಹೆಣ್ಣುಮಗಳ ದನಿ ಕೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಅವರು ಹೇಳಿದ್ದು ನೇರವಾಗಿತ್ತು. ಕೇಸಾದರೆ ಆ ಮಾತುಗಳು ದೂರಿನಲ್ಲಿ ಬರುತ್ತವೆ, ದೋಷಾರೋಪ ಪಟ್ಟಿಯಲ್ಲಿ ಬರುತ್ತವೆ, ಪ್ರತಿ ಸಾಕ್ಷಿಯ ಬಾಯಲ್ಲಿ ಬರುತ್ತವೆ, ವರ್ಷಗಟ್ಟಲೆ. ಯಾವ ಮಾತು ಯಾರ ಕಿವಿಗೂ ಬೀಳಬಾರದು ಅಂತ ನೀವು ಅನ್ನುತ್ತೀರೋ ಅದನ್ನೇ ಸರ್ಕಾರಿ ದಾಖಲೆ ಮಾಡಿಸುತ್ತೀರಿ. ಇನ್ನೊಂದು, ಇಂಥ ಕಾನೂನುಗಳು ಹುಟ್ಟಿದ್ದಕ್ಕೂ ಆಮೇಲೆ ಬಳಕೆಯಾದದ್ದಕ್ಕೂ ಸಂಬಂಧ ಇರುವುದಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಧಾರ್ಮಿಕ ಭಾವನೆ ಕೆರಳಿಸುವುದು ಅಪರಾಧ ಅನ್ನುವ 295ಎ ಕಲಂ 1927ರಲ್ಲಿ ಬಂದದ್ದು ಲಾಹೋರಿನಲ್ಲಿ ಪ್ರವಾದಿಯವರನ್ನು ಅವಹೇಳನ ಮಾಡಿದ ಒಂದು ಪುಸ್ತಿಕೆಯ ಗಲಾಟೆಯ ನಂತರ. ಅಷ್ಟಾದರೂ 1929ರಲ್ಲಿ ಆ ಪ್ರಕಾಶಕನ ಕೊಲೆ ನಿಲ್ಲಲಿಲ್ಲ. ಪಾಕಿಸ್ತಾನ 1986ರಲ್ಲಿ ಪ್ರವಾದಿ ನಿಂದನೆಯ ಕಲಂ 295ಸಿ ಸೇರಿಸಿತು, ಮರಣದಂಡನೆಯವರೆಗೂ ಹೋಯಿತು. ಅದರಿಂದ ಬೀದಿ ಶಾಂತವಾಯಿತಾ? ಆ ಕಾನೂನನ್ನು ಟೀಕಿಸಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್‌ರನ್ನು 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಕೊಂದ. ಪ್ರವಾದಿ ನಿಂದನೆಯ ಆರೋಪ ಹೊತ್ತ ಕ್ರೈಸ್ತ ಮಹಿಳೆ ಆಸಿಯಾ ಬೀಬಿ 2010ರಲ್ಲಿ ಮರಣದಂಡನೆಗೆ ಗುರಿಯಾಗಿ, 2018ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡುವವರೆಗೆ ಜೈಲಿನಲ್ಲೇ ಇದ್ದಳು.

ಸಮಿತಿ ದೂರು ಕೊಡಲಿಲ್ಲ. ಪೊಲೀಸರಿಗೆ ತಿಳಿಸಿತು, ಶುಕ್ರವಾರ ಬಂದೋಬಸ್ತ್ ಇರಲಿ, ಆದರೆ ಮಸೀದಿಯ ಗೇಟಿನಲ್ಲಿ ಬೇಡ, ರಸ್ತೆಯ ಆ ತುದಿಯಲ್ಲಿ ಇರಲಿ ಅಂತ ಕೇಳಿತು. ಠಾಣೆಯ ಅಧಿಕಾರಿ ಒಪ್ಪಿದರು.

ಜುಮಾ

ಖುತ್ಬಾದಲ್ಲಿ, ಅಂದರೆ ಜುಮಾದ ಪ್ರವಚನದಲ್ಲಿ, ಇಮಾಮರು ಈ ವಿಷಯವನ್ನು ತಪ್ಪಿಸಲಿಲ್ಲ, ಗುಡುಗಲೂ ಇಲ್ಲ. ಬುಖಾರಿ ಅನ್ನುವ ಹದೀಸ್ ಸಂಗ್ರಹದಲ್ಲಿ ಇರುವ ಒಂದು ಘಟನೆ ಹೇಳಿದರು. ಕೆಲವರು ಪ್ರವಾದಿ(ಸ)ಯವರ ಬಳಿ ಬಂದು ಸಲಾಂ ಹೇಳುವ ಹಾಗೆ ನಾಲಿಗೆ ತಿರುಚಿ 'ನಿಮಗೆ ಸಾವು ಬರಲಿ' ಅಂದರು. ಪ್ರವಾದಿಯವರ ಪತ್ನಿ ಆಯಿಶಾ(ರ) ಸಿಟ್ಟಿನಿಂದ ಶಪಿಸಿದರು. ಪ್ರವಾದಿ(ಸ) ಆಯಿಶಾರನ್ನೇ ತಡೆದು, ಮೃದುವಾಗಿರು, ಅಲ್ಲಾಹನು ಎಲ್ಲದರಲ್ಲೂ ಮೃದುತ್ವವನ್ನು ಇಷ್ಟಪಡುತ್ತಾನೆ ಅಂದರು. ನಾನು 'ನಿಮಗೂ' ಅಂತ ಉತ್ತರ ಕೊಟ್ಟೆನಲ್ಲ, ಸಾಕು ಅಂದರು. ಆಮೇಲೆ 4ನೇ ಅಧ್ಯಾಯದ 140ನೇ ವಚನ: ದೇವವಚನಗಳನ್ನು ಗೇಲಿ ಮಾಡುವುದು ಕೇಳಿದರೆ, ಅವರು ಬೇರೆ ಮಾತಿಗೆ ಹೊರಳುವವರೆಗೆ ಅಲ್ಲಿ ಕೂರಬೇಡಿ. 'ಎದ್ದು ಹೋಗಿ ಅಂತ ಹೇಳಿದೆ. ಹೊಡೆಯಿರಿ ಅಂತ ಹೇಳಿಲ್ಲ' ಅಂದರು.

ಕೊನೆಗೆ ಒಂದು ಘೋಷಣೆ. ಭಾನುವಾರದ ಸಭೆಗೆ ಯಾರಿಗೆ ದೂರಿದೆಯೋ ಅವರು ಬರೆದು ಕೊಡಿ, ಕೆಳಗೆ ತಮ್ಮ ಹೆಸರು, ಸಹಿ ಇರಲಿ. ಮಾತಿನಲ್ಲಿ ಎಷ್ಟು ಗದ್ದಲ ಇತ್ತೋ ಅದರ ಒಂದು ಸಣ್ಣ ಭಾಗವೂ ಕಾಗದದ ಮೇಲೆ ಬರಲಿಲ್ಲ. ಹೆಸರು ಹಾಕಬೇಕು ಅಂದ ಕೂಡಲೇ ಗಾಳಿಸುದ್ದಿ ಹಿಂದೆ ಸರಿಯಿತು. ಬಂದ ಕೆಲವು ಪತ್ರಗಳಂತೂ ಗೌರವದಿಂದ ಓದುವಂತಿದ್ದವು, ಒಬ್ಬ ಅಜ್ಜ ತನಗೆ ರಾತ್ರಿ ನಿದ್ದೆ ಬರಲಿಲ್ಲ ಅಂತಷ್ಟೇ ಬರೆದಿದ್ದರು.

ಶುಕ್ರವಾರಕ್ಕೆ ಇನ್ನೊಂದು ವ್ಯವಸ್ಥೆ ಆಗಿತ್ತು. ಸಾಮಾನ್ಯವಾಗಿ ಸ್ವಯಂಸೇವಕರು ಅಂದರೆ ಬಲವಾದ ಹುಡುಗರನ್ನು ನಿಲ್ಲಿಸುತ್ತೇವೆ. ಮೇಷ್ಟ್ರು ಅದು ಬೇಡ ಅಂದರು. ಯಾವ ಹುಡುಗರು ಗಲಾಟೆ ಮಾಡಬಹುದು ಅಂತ ಅವರಿಗೆ ಗೊತ್ತಿತ್ತು, ಹೆಚ್ಚಿನವರಿಗೆ ಅವರೇ ಪಾಠ ಹೇಳಿದ್ದರು. ಅವರ ಒಬ್ಬೊಬ್ಬರ ತಂದೆಗೆ, ಮಾವನಿಗೆ, ಅಣ್ಣನಿಗೆ ಬೆಳಗ್ಗೆಯೇ ಫೋನ್ ಹೋಯಿತು: ನಮಾಜ್‌ನಲ್ಲಿ ಅವನ ಪಕ್ಕದಲ್ಲೇ ನಿಲ್ಲಿ, ಮುಗಿದ ಮೇಲೆ ಅವನ ಜೊತೆಯೇ ಮನೆಗೆ ಹೋಗಿ. ನಮಾಜ್ ಮುಗಿದಾಗ ಹೊರಗಿನಿಂದ ಬಂದಿದ್ದ ಒಂದು ಗುಂಪು ರಸ್ತೆ ತಿರುವಿನಲ್ಲಿ ಘೋಷಣೆ ಕೂಗಿತು. ಅವರನ್ನು ಇಲ್ಲಿ ಯಾರೂ ಗುರುತಿಸಲಿಲ್ಲ. ಊರಿನ ಹುಡುಗರು ಕೆಲವರು ಆ ಕಡೆ ಹೆಜ್ಜೆ ಹಾಕಿದರು. ಪಕ್ಕದಲ್ಲಿದ್ದವರು ಹೆಗಲ ಮೇಲೆ ಕೈ ಹಾಕಿ ಮನೆಯ ಕಡೆ ತಿರುಗಿಸಿದರು. ಘೋಷಣೆಗೆ ಯಾರೂ ದನಿಗೂಡಿಸದಿದ್ದಾಗ ಆ ಗುಂಪು ಸ್ವಲ್ಪ ಹೊತ್ತಿಗೆ ಹೊರಟುಹೋಯಿತು.

ಹೊರಗಿನವರ ಬಗ್ಗೆ ಕಾರ್ಯದರ್ಶಿಗೆ ಮೊದಲೇ ಭಯವಿತ್ತು. ಫ್ರಾನ್ಸಿನಲ್ಲಿ 2020ರ ಅಕ್ಟೋಬರ್ 16ರಂದು ಸಾಮ್ಯುಯೆಲ್ ಪಾಟಿ ಅನ್ನುವ ಶಿಕ್ಷಕನನ್ನು ಕೊಂದವನು ಆ ಶಾಲೆಯವನೂ ಅಲ್ಲ, ಆ ಊರಿನವನೂ ಅಲ್ಲ. ಅವನು ತರಗತಿಯಲ್ಲಿ ಪ್ರವಾದಿಯವರ ವ್ಯಂಗ್ಯಚಿತ್ರ ತೋರಿಸಿದ್ದ. ತರಗತಿಯಲ್ಲಿ ಹೀಗಾಯಿತು ಅಂತ ಮನೆಯಲ್ಲಿ ಹೇಳಿದ ಹುಡುಗಿ ಆ ದಿನ ತರಗತಿಯಲ್ಲಿ ಇರಲೇ ಇಲ್ಲ. ತಂದೆ ವಿಡಿಯೋ ಹಾಕಿದ, ಅದು ಎಲ್ಲೋ ಇದ್ದ ಒಬ್ಬನಿಗೆ ತಲುಪಿತು. ಊರಿನ ಹುಡುಗನ ಸಿಟ್ಟನ್ನು ಅವನ ಮಾವ ತಡೆಯಬಲ್ಲರು. ಯಾರ ಪರಿಚಯವೂ ಇಲ್ಲದ ಒಬ್ಬನ ಸಿಟ್ಟನ್ನು ತಡೆಯುವವರು ಯಾರು? ಅದಕ್ಕೇ ಆ ಕುಟುಂಬ ತಿಂಗಳುಗಟ್ಟಲೆ ಮನೆಗೆ ಮರಳದಂತೆ ನೋಡಿಕೊಂಡರು.

ಎಲ್ಲವೂ ಸರಿಯಾಗಲಿಲ್ಲ. ಶುಕ್ರವಾರ ರಾತ್ರಿ ಯಾರೋ ಆ ಖಾಲಿ ಮನೆಯ ಕಿಟಕಿಗೆ ಕಲ್ಲು ಹೊಡೆದರು. ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಸಮಿತಿ ಮರುದಿನ ಬೆಳಗ್ಗೆಯೇ ತನ್ನ ಖರ್ಚಿನಲ್ಲಿ ಗಾಜು ಹಾಕಿಸಿತು. ರಾತ್ರಿಯ ಹೊತ್ತು ಗುಟ್ಟಾಗಿ ಹಾಕಿಸೋಣ ಅಂತ ಒಬ್ಬರು ಹೇಳಿದ್ದರು, ಕಾರ್ಯದರ್ಶಿ ಒಪ್ಪಲಿಲ್ಲ. ಎಲ್ಲರೂ ಓಡಾಡುವ ಹೊತ್ತಿಗೆ ಸಮಿತಿಯ ಇಬ್ಬರು ಹಿರಿಯರು ಅಲ್ಲೇ ನಿಂತು ಹಾಕಿಸಿದರು.

ಭಾನುವಾರ

ಹುಡುಗನನ್ನು ಸಭೆಗೆ ಕರೆಸಲಿಲ್ಲ. ಇಮಾಮರು ಹಿಂದಿನ ದಿನವೇ ಅವನಿದ್ದಲ್ಲಿಗೆ ಒಬ್ಬರೇ ಹೋಗಿ ಮಾತಾಡಿ ಬಂದಿದ್ದರು. ಏನು ಮಾತಾಡಿದರು ಅಂತ ಪೂರ್ತಿ ಹೇಳಲಿಲ್ಲ. ಹುಡುಗ ಕೆಲವು ವರ್ಷಗಳಿಂದ ಪ್ರಶ್ನೆಗಳನ್ನು ಹೊತ್ತು ತಿರುಗುತ್ತಿದ್ದ, ಕೇಳಿದಾಗಲೆಲ್ಲ ಬೈಸಿಕೊಂಡಿದ್ದ ಅಂತಷ್ಟೇ ಹೇಳಿದರು.

ಸಭೆಯ ಮೊದಲ ಬೇಡಿಕೆ, ಕ್ಷಮೆ ಕೇಳುವ ವಿಡಿಯೋ. ಇಮಾಮರು ಬೇಡ ಅಂದರು. ಹೆದರಿದ ಮುಖದ ವಿಡಿಯೋ ಎಂದಿಗೂ ಸಾಯುವುದಿಲ್ಲ, ಅದನ್ನೂ ಯಾರಾದರೂ ಕತ್ತರಿಸುತ್ತಾರೆ ಅಂದರು. ಬದಲಿಗೆ ಹುಡುಗ ಕೈಬರಹದಲ್ಲಿ ಬರೆದ ಒಂದು ಪತ್ರ ತಂದಿದ್ದರು. ಪ್ರವಾದಿಯವರ ಬಗ್ಗೆ ಹೀಯಾಳಿಸಿ ಮಾತಾಡಿದ್ದಕ್ಕೆ, ಅದರಿಂದ ತಾಯಿಗೂ ಊರಿನವರಿಗೂ ಆದ ನೋವಿಗೆ ಕ್ಷಮೆ ಕೇಳಿದ್ದ. ನಾನು ಮತ್ತೆ ನಂಬುತ್ತೇನೆ ಅಂತ ಬರೆದಿರಲಿಲ್ಲ.

ಅಲ್ಲಿಂದ ಜಗಳ ಶುರುವಾಯಿತು, ಈ ಸಲ ಸಮಿತಿಯೊಳಗೇ. ಒಬ್ಬ ಯುವಕ, ಚೆನ್ನಾಗಿ ಓದಿಕೊಂಡವನು, ಎದ್ದು ಫಿಕ್ಹ್ (ಇಸ್ಲಾಮಿ ಕಾನೂನು) ಗ್ರಂಥಗಳ ಮಾತು ತೆಗೆದ. ಪ್ರವಾದಿ ನಿಂದನೆಗೆ ಮರಣದಂಡನೆ ಅಂತ ದೊಡ್ಡ ದೊಡ್ಡ ಇಮಾಮರು ಬರೆದಿಲ್ಲವೇ, ಮಧ್ಯಯುಗದ ವಿದ್ವಾಂಸ ಇಬ್ನ್ ತೈಮಿಯ್ಯಾ ಒಂದು ಇಡೀ ಪುಸ್ತಕವನ್ನೇ ಬರೆದಿಲ್ಲವೇ, ಪ್ರವಾದಿಯವರ ಕಾಲದಲ್ಲಿ ಕೊಲ್ಲಲ್ಪಟ್ಟ ಕಾಅಬ್ ಬಿನ್ ಅಶ್ರಫ್‌ನ ಘಟನೆ ಏನು ಹೇಳುತ್ತದೆ, ಹಜರತ್ (ಇಮಾಮರು) ಇದನ್ನೆಲ್ಲ ಯಾಕೆ ಮುಚ್ಚಿಡುತ್ತಿದ್ದಾರೆ ಅಂತ ಕೇಳಿದ.

ಈ ಪ್ರಶ್ನೆಗೆ ಬಹಳ ಕಡೆ ಉತ್ತರವೇ ಕೊಡುವುದಿಲ್ಲ, ಇಸ್ಲಾಂ ಅಂದರೆ ಶಾಂತಿ ಅಂತ ಹೇಳಿ ಮುಗಿಸುತ್ತಾರೆ. ಅದರಿಂದಲೇ ಓದುವ ಹುಡುಗರು ಇಮಾಮರಿಗಿಂತ ಮೊಬೈಲನ್ನು ನಂಬುವುದು. ಇಮಾಮರು ಮುಚ್ಚಿಡಲಿಲ್ಲ. 'ಹೌದು, ಬರೆದಿದ್ದಾರೆ. ಮುಸ್ಲಿಂ ಆಡಿದ ಮಾತಿನ ವಿಷಯದಲ್ಲಿ ಕಠಿಣವಾಗಿಯೇ ಬರೆದಿದ್ದಾರೆ. ಮುಸ್ಲಿಮೇತರನ ವಿಷಯದಲ್ಲಿ ಇಮಾಮ್ ಅಬೂ ಹನೀಫಾ ಬೇರೆ ಅಭಿಪ್ರಾಯ ಇಟ್ಟುಕೊಂಡಿದ್ದರು, ಆ ಮಾತಿಗೇ ಅವನನ್ನು ಕೊಲ್ಲುವ ಹಾಗಿಲ್ಲ ಅಂದರು. ಇವರೆಲ್ಲ ಬರೆದದ್ದು ಕಾಜಿಗೆ, ಅಂದರೆ ನ್ಯಾಯಾಧೀಶನಿಗೆ, ರಾಜ್ಯಕ್ಕೆ. ವಿಚಾರಣೆ ಬೇಕು, ಸಾಕ್ಷಿ ಬೇಕು, ತೌಬಾಕ್ಕೆ (ಪಶ್ಚಾತ್ತಾಪಕ್ಕೆ) ಅವಕಾಶ ಇದೆಯಾ ಅನ್ನುವ ಚರ್ಚೆ ಬೇಕು. ಕಾಅಬ್‌ನದು ಒಪ್ಪಂದ ಮುರಿದು ಶತ್ರುಗಳನ್ನು ಎತ್ತಿಕಟ್ಟಿದವನ ವಿಷಯ, ತೀರ್ಮಾನ ಮಾಡಿದವರು ಮದೀನಾದ ಆಡಳಿತ ನಡೆಸುತ್ತಿದ್ದ ಪ್ರವಾದಿಯವರು. ನೀನು ಕಾಜಿಯಾ? ನಾನಾ? ಈ ಸಮಿತಿಗೆ ಆ ಅಧಿಕಾರ ಯಾರು ಕೊಟ್ಟರು?' ಅಂದರು. ಯುವಕ ಒಪ್ಪಲಿಲ್ಲ. ಆದರೆ ಕೂತ. ತನ್ನ ಪ್ರಶ್ನೆಗೆ ಪ್ರಶ್ನೆಯ ಮಟ್ಟದಲ್ಲೇ ಉತ್ತರ ಸಿಕ್ಕಿತು ಅನ್ನುವುದು ಅವನ ಮುಖದಲ್ಲಿ ಕಾಣುತ್ತಿತ್ತು.

ನಂಬಿಕೆಯ ವಿಷಯಕ್ಕೆ ಇಮಾಮರು ಹೇಳಿದ್ದು, ಅವನು ನಮಗೆ ಮಾಡಿದ ನೋವಿಗೆ ನಮ್ಮಲ್ಲಿ ಕ್ಷಮೆ ಕೇಳಿದ್ದಾನೆ, ಈಮಾನ್ ಅವನ ಮತ್ತು ಅಲ್ಲಾಹನ ನಡುವಿನದು, ಬಲವಂತದಿಂದ ಬರೆಸಿಕೊಂಡರೆ ಅದು ಈಮಾನ್ ಆಗುವುದಿಲ್ಲ ಅಂತ. ಪತ್ರ ಸ್ವೀಕರಿಸುವ ನಿರ್ಣಯ ಬಹುಮತದಿಂದ ಪಾಸಾಯಿತು. ಇಬ್ಬರು ಸದಸ್ಯರು ಅಲ್ಲೇ ರಾಜೀನಾಮೆ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹರಡಲೂ ಇಲ್ಲ, ಕಲ್ಲು ಎತ್ತಲೂ ಇಲ್ಲ, ತಮ್ಮ ಅಸಮ್ಮತಿಯನ್ನು ಸಹಿ ಹಾಕಿ ತಿಳಿಸಿದರು.

ಈಗ ಎಲ್ಲಿಗೆ ಬಂದಿದೆ

ಸಮಿತಿ ಬೇಡ ಅಂದರೂ ಒಂದು ಗುಂಪು ತಾನೇ ಹೋಗಿ ಪೊಲೀಸ್ ದೂರು ಕೊಟ್ಟಿತು. ಹುಡುಗನ ಮೊಬೈಲ್ ಜಪ್ತಾಯಿತು, ಹೇಳಿಕೆ ಪಡೆದರು. ವಕೀಲೆ ಅವನ ಪರ ನಿಂತಿದ್ದಾರೆ. ವಿಷಯ ಇನ್ನೂ ಮುಗಿದಿಲ್ಲ. ಹುಡುಗ ಬೇರೆ ಊರಿನಲ್ಲಿ ಓದುತ್ತಿದ್ದಾನೆ. ತಾಯಿ ಮತ್ತು ತಂಗಿಯರು ವಾಪಸ್ ಬಂದಿದ್ದಾರೆ. ಕೆಲವು ಮನೆಗಳವರು ಅವರನ್ನು ಮದುವೆಗೆ ಕರೆಯುವುದಿಲ್ಲ. ಇದನ್ನು ಯಾವ ನಿರ್ಣಯದಿಂದಲೂ ಸರಿ ಮಾಡಲಾಗಲಿಲ್ಲ.

ಸಮಿತಿ ಎರಡು ಬದಲಾವಣೆ ಮಾಡಿಕೊಂಡಿದೆ. ಇಂಥ ಆರೋಪ ಬಂದರೆ ಯಾರು ಪೂರ್ತಿ ಕೇಳಬೇಕು, ಯಾರು ಕುಟುಂಬವನ್ನು ನೋಡಿಕೊಳ್ಳಬೇಕು, ಯಾರು ಪೊಲೀಸರ ಜೊತೆ ಮಾತಾಡಬೇಕು ಅಂತ ಮೊದಲೇ ಹೆಸರು ಹಾಕಿ ಬರೆದಿಟ್ಟಿದೆ. ಆ ಪಟ್ಟಿಯಲ್ಲಿ ವಕೀಲೆಯ ಹೆಸರೂ ಇದೆ. ಇನ್ನೊಂದು, ವಾರಕ್ಕೊಮ್ಮೆ ಇಮಾಮರು ಹುಡುಗ ಹುಡುಗಿಯರ ಪ್ರಶ್ನೆಗಳಿಗೆ ಕೂರುತ್ತಾರೆ. ಯಾವ ಪ್ರಶ್ನೆಗೂ ಬೈಯುವ ಹಾಗಿಲ್ಲ ಅನ್ನುವುದು ಅಲ್ಲಿನ ಒಂದೇ ನಿಯಮ. ಫಿಕ್ಹ್ ಪ್ರಶ್ನೆ ಎತ್ತಿದ್ದ ಆ ಯುವಕ ಅದಕ್ಕೆ ತಪ್ಪದೆ ಬರುತ್ತಾನೆ, ಈಗಲೂ ವಾದ ಮಾಡುತ್ತಾನೆ.

ನನ್ನ ಪ್ರಕಾರ ಸಮಿತಿ ಬಿಟ್ಟ ಒಂದು ದೊಡ್ಡ ಕೆಲಸ ಇದೆ. ಆಡಿಯೋ ಕತ್ತರಿಸಿದವನು, ವಿಳಾಸ ಬರೆದು ಹರಡಿದವನು ಯಾರು ಅಂತ ಮೊದಲ ವಾರದಲ್ಲೇ ಗೊತ್ತಾಗಿತ್ತು. ಅವನೂ ಇದೇ ಜಮಾತಿನವನು. ಹುಡುಗನ ಅಣ್ಣನ ಜೊತೆ ಅವನಿಗೆ ದುಡ್ಡಿನ ತಕರಾರಿತ್ತು. ಒಂದು ಮನೆಯನ್ನು ಗುಂಪಿನ ಮುಂದೆ ಇಟ್ಟವನು ಅವನು, ಪ್ರವಾದಿಯವರ ಮೇಲಿನ ಜನರ ಪ್ರೀತಿಯನ್ನು ತನ್ನ ಸಾಲದ ಜಗಳಕ್ಕೆ ಬಳಸಿಕೊಂಡವನು ಅವನು. ಇದಕ್ಕಿಂತ ದೊಡ್ಡ ಅವಮಾನ ಯಾವುದು? ಅವನಿಗೆ ಇಬ್ಬರು ಹಿರಿಯರು ಬುದ್ಧಿ ಹೇಳಿ ಕಳಿಸಿದರು, ಅಷ್ಟೇ. ಹುಡುಗನ ಹತ್ತಿರ ಕೈಬರಹದ ಕ್ಷಮಾಪತ್ರ ತೆಗೆದುಕೊಂಡ ಸಮಿತಿ ಇವನ ಹತ್ತಿರ ಒಂದು ಸಾಲೂ ಬರೆಸಿಕೊಳ್ಳಲಿಲ್ಲ. ಮೇಷ್ಟ್ರೂ ನಾನೂ ಸೇರಿ ಅದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಹಾಕಲು ಬರೆದು ಕೊಟ್ಟಿದ್ದೇವೆ, ಹೆಸರು, ಸಹಿ ಸಮೇತ.